ರಾತ್ರಿ ಎಂಟಕ್ಕೆ ಭಾಷಣ, ಬೆಳಿಗ್ಗೆ ಗಾಬರಿ

ಪ್ರಶ್ನೆ: ದೊಡ್ಡ ನಾಯಕರು ಟಿ.ವಿ.ಯಲ್ಲಿ ಮಾತನಾಡುತ್ತಾರೆಂದು ಗೊತ್ತಾದ ಕೂಡಲೇ ಷೇರುಗಳನ್ನು ಮಾರಿಬಿಡುವುದು ಕ್ಷೇಮವಲ್ಲವೇ? (ಕಾಫಿ ಬೆಳೆಗಾರ, ಮೂಡಿಗೆರೆ)

ಇದೇ ಪ್ರಶ್ನೆಯನ್ನು ಹಾಸನದಿಂದಲೂ ಇಬ್ಬರು ಕೇಳಿದ್ದಾರೆ. ಮೂವರಿಗೂ ಒಂದೇ ಸಲ ಹೇಳಿ ಮುಗಿಸುತ್ತೇನೆ.

2016ರ ನವೆಂಬರ್ 8ರ ರಾತ್ರಿ ನೋಟು ರದ್ದತಿಯ ಭಾಷಣ. ಷೇರು ಪೇಟೆ ಮಧ್ಯಾಹ್ನ ಮೂರೂವರೆಗೇ ಬಾಗಿಲು ಹಾಕಿತ್ತು. ಮರುದಿನ ಬೆಳಿಗ್ಗೆ ಮುಂಬೈ ಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 1,600ಕ್ಕೂ ಹೆಚ್ಚು ಅಂಶ ಕುಸಿಯಿತು, ಬಿ.ಎಂ. ರಸ್ತೆಯ ನನ್ನ ಕಚೇರಿಯಲ್ಲಿ ಫೋನ್ ಕೆಳಗಿಡಲು ಆಗಲಿಲ್ಲ. ಸಂಜೆಯ ಲೆಕ್ಕದಲ್ಲಿ ಇಳಿಕೆ 338 ಅಂಶ ಮಾತ್ರ. ಬೆಳಿಗ್ಗೆಯೇ ಮಾರಿದವರ ಮುಖ ಆಮೇಲೆ ನಾನು ನೋಡಬೇಕಾಯಿತು. ಅಂದೇ ಅಮೆರಿಕದಲ್ಲಿ ಮತ ಎಣಿಕೆ ಟ್ರಂಪ್ ಕಡೆಗೆ ವಾಲುತ್ತಿತ್ತು. ಹಾಗಾದರೆ ಪೇಟೆ ಬಿದ್ದದ್ದು ಯಾರ ಮಾತಿಗೆ? ಗೊತ್ತೆಂದು ಟಿ.ವಿ.ಯಲ್ಲಿ ಎದೆ ತಟ್ಟಿಕೊಂಡವರನ್ನು ನಾನು ನಂಬುವುದಿಲ್ಲ.

ಎಲ್ಲರೂ ಮೊದಲೇ ಎಣಿಸಿಟ್ಟ ಮಾತಿಗೆ ಪೇಟೆ ಕದಲುವುದಿಲ್ಲ. ಎಣಿಸದ ಮಾತು ಬಂದರೆ ಬೆಲೆ ನಿಮಗಾಗಿ ಕಾಯುವುದಿಲ್ಲ. 2019ರ ಸೆಪ್ಟೆಂಬರ್ 20ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಪಣಜಿಯಲ್ಲಿ ಕಂಪನಿ ತೆರಿಗೆಯ ಮೂಲ ದರವನ್ನು ಶೇ 30ರಿಂದ 22ಕ್ಕೆ ಇಳಿಸಿದ್ದನ್ನು ಪ್ರಕಟಿಸಿದಾಗ ಪೇಟೆ ತೆರೆದೇ ಇತ್ತು; ಅಂದೇ ಸೆನ್ಸೆಕ್ಸ್ 1,921 ಅಂಶ ಏರಿತು. ಕಂಪನಿಗಳ ಲಾಭವನ್ನೇ ಬದಲಿಸುವ ಮಾತದು, ಚಪ್ಪಾಳೆಯ ಮಾತಲ್ಲ. ಕಾಫಿ ಬೆಳೆಯುವವರಿಗೆ ಇದನ್ನು ನಾನು ವಿವರಿಸಬೇಕೇ? 2021ರ ಜುಲೈಯಲ್ಲಿ ಬ್ರೆಜಿಲ್‌ನ ತೋಟಗಳಿಗೆ ಹಿಮ ಬಡಿದು ಅರೇಬಿಕಾ ದರ ಜಿಗಿಯಿತು. ಪತ್ರಿಕೆಯಲ್ಲಿ ಓದಿಕೊಂಡು ಬಂದವನಿಗೆ ನೀವು ಹಳೆಯ ದರದಲ್ಲಿ ಒಂದು ಮೂಟೆ ಕೊಟ್ಟಿರಾ?

ಮೂರು ವರ್ಷದೊಳಗೆ ಬೇಕಾಗುವ ಹಣವನ್ನು ನಾನಂತೂ ಷೇರಿನಲ್ಲಿ ಇಡುವುದಿಲ್ಲ. ಪುಕ್ಕಲ ಎನ್ನುವವರು ಎನ್ನಲಿ. ಮಗಳ ಮದುವೆಯ ದುಡ್ಡು, ಕೊಯ್ಲಿನ ಆಳುಗಳ ಕೂಲಿ ಅಲ್ಲಿದ್ದರೆ ಇಂದೇ ತೆಗೆಯಿರಿ. ಅದಕ್ಕೆ ಯಾರ ಭಾಷಣಕ್ಕೂ ಕಾಯಬೇಡಿ. ಉಳಿದದ್ದನ್ನು ಮುಟ್ಟಬೇಡಿ.

ಪ್ರಶ್ನೆ: ಮತಗಟ್ಟೆ ಸಮೀಕ್ಷೆ ನೋಡಿ ಆಪ್ಷನ್ಸ್ (ಷೇರಿನ ಮುಂದಿನ ಬೆಲೆಯ ಮೇಲಿನ ಕರಾರು) ಕೊಳ್ಳಬಹುದೇ?

ಲೋಕಸಭಾ ಚುನಾವಣೆ ಮುಗಿದ ಮೇಲೆ 2024ರ ಜೂನ್ 3ರಂದು ಸಮೀಕ್ಷೆ ನಂಬಿ ಸೆನ್ಸೆಕ್ಸ್ 2,507 ಅಂಶ ಏರಿತು, ಮರುದಿನ ಎಣಿಕೆ ನೋಡಿ 4,389 ಅಂಶ ಬಿತ್ತು. ಆಪ್ಷನ್ಸ್ ಮತ್ತು ಅದೇ ಬಗೆಯ ಫ್ಯೂಚರ್ಸ್ ಆಡಿದ ನೂರು ಸಾಮಾನ್ಯರಲ್ಲಿ 93 ಮಂದಿ 2024ರ ಮಾರ್ಚ್‌ವರೆಗಿನ ಮೂರು ವರ್ಷಗಳಲ್ಲಿ ಕಳೆದುಕೊಂಡಿದ್ದಾರೆಂದು ಷೇರು ಪೇಟೆಯ ನಿಯಂತ್ರಕ ಸೆಬಿಯೇ ಹೇಳಿದೆ. ಬೇಡ.

ಪ್ರಶ್ನೆ: ನಾಯಕರ ಜಾತಕ ನೋಡಿ ಪೇಟೆಯ ಏರಿಳಿತ ಹೇಳಬಹುದಂತೆ?

ಮುಂದಿನ ಪ್ರಶ್ನೆ.

ಪ್ರಶ್ನೆ: ಟೆಲಿಗ್ರಾಂ ಗುಂಪಿನ ಗುರುಗಳು ಭಾಷಣಕ್ಕೆ ಮೊದಲೇ ಟಿಪ್ಸ್ ಕೊಡುತ್ತಾರೆ. ನಂಬಬಹುದೇ?

ಅವರ ಸೆಬಿ ನೋಂದಣಿ ಸಂಖ್ಯೆಯನ್ನು ಗುಂಪಿನಲ್ಲಿ ಎಲ್ಲರೆದುರು ಕೇಳಿ. ನಿಮ್ಮನ್ನು ಹೊರಹಾಕಿದರೆ ನನಗೆ ಮತ್ತೆ ಬರೆಯುವ ಅಗತ್ಯವಿಲ್ಲ.