ಪ್ರಶ್ನೋತ್ತರ: ಮುಂದಿನ ಭಾಗ ಬರೆಯುವ ಮುನ್ನ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾದಂಬರಿ ಸರಣಿಯ ಬಗ್ಗೆ. ನಾನೂ ಸರಣಿ ಬರೆಯುವವಳೇ. ಕೋರ್ಟಿನಲ್ಲಿ ಸ್ಟೆನೋ ಆಗಿರುವ ಹೆಣ್ಣುಮಗಳೊಬ್ಬಳ ಕಥೆ ಈಗ ಐದನೇ ಪುಸ್ತಕಕ್ಕೆ ಬಂದು ನಿಂತಿದೆ. ಹಾಗಾಗಿ ನನ್ನ ಉತ್ತರಗಳಲ್ಲಿ ಅವಳೂ ಆಗಾಗ ಬಂದು ಹೋಗುತ್ತಾಳೆ.

ಪ್ರಶ್ನೆ: ನನ್ನ ಮೊದಲ ಕಾದಂಬರಿ ಓದಿದವರೆಲ್ಲ "ಮುಂದೇನಾಯ್ತು?" ಎಂದು ಕೇಳುತ್ತಿದ್ದಾರೆ. ಎರಡನೇ ಭಾಗ ಬರೆಯಬಹುದೇ?

ಅವರು ಕೇಳುತ್ತಿರುವುದು ಏನನ್ನು ಎಂದು ಮೊದಲು ತಿಳಿದುಕೊಳ್ಳಿ. ಕಥೆ ಅರ್ಧಕ್ಕೇ ನಿಂತಿದೆ ಅನ್ನಿಸಿ ಕೇಳುವವರು ಒಂದು ಬಗೆ. ಕಥೆ ಮುಗಿದಿದೆ, ಆದರೆ ಆ ಜನರನ್ನು ಬಿಟ್ಟು ಬರಲು ಮನಸ್ಸಿಲ್ಲ ಎನ್ನುವವರು ಇನ್ನೊಂದು ಬಗೆ. ಮೊದಲನೆಯದಾದರೆ ನಿಮ್ಮದು ಹಲವು ಸಂಪುಟಗಳ ಒಂದೇ ಕಥೆ. ಕೊನೆ ಎಲ್ಲಿ ಎಂಬುದು ನಿಮಗೆ ಈಗಲೇ ಗೊತ್ತಿರಬೇಕು. ಎರಡನೆಯದಾದರೆ ಪಾತ್ರ ಅದೇ, ಕಥೆ ಪ್ರತಿ ಸಲ ಬೇರೆ. ಆಗ ನಿಮ್ಮ ಪಾತ್ರದ ಮುಂದೆ ಹೊಸ ಹೊಸ ತೊಡಕುಗಳು ತಾವಾಗಿ ಬಂದು ನಿಲ್ಲುವಂಥ ಜಾಗ ಬೇಕು. ನನ್ನ ನಾಯಕಿಗೆ ಸ್ಟೆನೋ ಕೆಲಸ ಕೊಟ್ಟಿದ್ದು ಇದೇ ಕಾರಣಕ್ಕೆ. ಅವಳ ಮುಂದೆ ದಿನಾ ಯಾರೋ ನಿಂತು ಏನೋ ಹೇಳುತ್ತಾರೆ, ಅವಳು ಒಂದಕ್ಷರ ಬಿಡದೆ ಬರೆದುಕೊಳ್ಳುತ್ತಾಳೆ, ಮಾತಾಡುವ ಹಕ್ಕು ಮಾತ್ರ ಅವಳಿಗಿಲ್ಲ. ನಿಮ್ಮ ಪಾತ್ರಕ್ಕೆ ಅಂಥ ಜಾಗ ಇಲ್ಲದಿದ್ದರೆ, ಎಷ್ಟೇ ಜನ ಕೇಳಲಿ, ಒಂದೇ ಪುಸ್ತಕಕ್ಕೆ ನಿಲ್ಲಿಸಿ.

ಪ್ರಶ್ನೆ: ಮೂರನೇ ಪುಸ್ತಕಕ್ಕೆ ಬರುವಷ್ಟರಲ್ಲಿ ಹಿಂದೆ ಬರೆದದ್ದೇ ಮರೆತುಹೋಗುತ್ತಿದೆ. ಇಷ್ಟೆಲ್ಲ ನೆನಪಿಟ್ಟುಕೊಳ್ಳುವುದು ಹೇಗೆ?

ನೆನಪನ್ನು ನಂಬಬೇಡಿ, ಬರೆದಿಡಿ. ಕಾನನ್ ಡಾಯ್ಲ್ ಅವರ ಪತ್ತೇದಾರ ಶೆರ್ಲಾಕ್ ಹೋಮ್ಸ್‌ನ ಗೆಳೆಯ ವಾಟ್ಸನ್‌ಗೆ 1887ರ ಮೊದಲ ಕಾದಂಬರಿಯಲ್ಲಿ ಗುಂಡು ಬಿದ್ದದ್ದು ಭುಜಕ್ಕೆ. 1890ರ ಎರಡನೆಯದರಲ್ಲಿ ನೋಯುವುದು ಕಾಲು. ಜಾನ್ ಎಂಬ ಹೆಸರಿನ ಅವನನ್ನು 1891ರ ಒಂದು ಕಥೆಯಲ್ಲಿ ಹೆಂಡತಿ ಜೇಮ್ಸ್ ಎಂದು ಕರೆಯುತ್ತಾಳೆ. ನೂರಾರು ಪುಟಗಳ ನಡುವೆ ಹುದುಗಿದ್ದ ಈ ಸಣ್ಣ ವ್ಯತ್ಯಾಸಗಳನ್ನು ಓದುಗರು ಹುಡುಕಿ ತೆಗೆದಿದ್ದಾರೆ, ಇವತ್ತಿಗೂ ಅವುಗಳ ಮೇಲೆ ವಾದ ಮಾಡುತ್ತಾರೆ. ಸರಣಿಯ ಓದುಗರು ಹಾಗೆಯೇ. ಅವರು ನಿಮ್ಮ ಪುಸ್ತಕಗಳನ್ನು ಒಂದರ ಹಿಂದೆ ಒಂದು ಓದುತ್ತಾರೆ, ನೀವು ವರ್ಷಗಳ ಅಂತರದಲ್ಲಿ ಬರೆಯುತ್ತೀರಿ.

ನಾನು ಒಂದು ದಪ್ಪ ರಿಜಿಸ್ಟರ್ ಇಟ್ಟಿದ್ದೇನೆ. ಗಾಯದ ಗುರುತು, ಹುಟ್ಟಿದ ವರ್ಷ, ಮನೆಯ ಬಾಗಿಲು ಯಾವ ದಿಕ್ಕಿಗೆ ಎಂಬುದೆಲ್ಲ ಅದರಲ್ಲಿದೆ. ಆದರೆ ನನ್ನನ್ನು ಕಾಪಾಡುವುದು "ಯಾರಿಗೆ ಏನು ಗೊತ್ತು" ಎಂಬ ಪುಟಗಳು. ಎರಡನೇ ಪುಸ್ತಕದಲ್ಲಿ ನನ್ನ ನಾಯಕಿಗೆ ಅಣ್ಣ ಅಮ್ಮನ ಸಹಿಯನ್ನು ತಾನೇ ಹಾಕಿ ಜಮೀನು ಮಾರಿದ್ದು ತಿಳಿಯುತ್ತದೆ. ಅವಳು ಅಮ್ಮನಿಗೆ ಹೇಳುವುದಿಲ್ಲ. ಮೂರನೇ ಪುಸ್ತಕ ಪೂರ್ತಿ ಆ ಮೌನದ ಮೇಲೆ ನಿಂತಿದೆ. ನಾಲ್ಕನೆಯದರಲ್ಲಿ ಅಮ್ಮ ಮಗನ ಮೇಲೆ ರೇಗಿ "ನಿನ್ನ ಕೈಯಲ್ಲಿ ಏನೂ ಉಳಿಯಲ್ಲ ಬಿಡು" ಅನ್ನುವ ಒಂದು ಸಾಲಿತ್ತು. ಸಾಲು ಚೆನ್ನಾಗಿತ್ತು. ಆದರೆ ಓದಿದವರಿಗೆ ಅಮ್ಮನಿಗೆ ಎಲ್ಲ ಗೊತ್ತಿದೆ ಅನ್ನಿಸಿಬಿಡುತ್ತದೆ, ಮೂರನೇ ಪುಸ್ತಕದ ಮೌನಕ್ಕೆ ಬೆಲೆಯೇ ಇರುವುದಿಲ್ಲ. ರಿಜಿಸ್ಟರ್ ತೆಗೆದು ನೋಡಿ ಆ ಸಾಲು ಹೊಡೆದುಹಾಕಿದೆ. ಕಣ್ಣಿನ ಬಣ್ಣ ತಪ್ಪಿದರೆ ಓದುಗರು ಕ್ಷಮಿಸಿಯಾರು, ಇದನ್ನು ಕ್ಷಮಿಸುವುದಿಲ್ಲ.

ವಯಸ್ಸಿನ ಲೆಕ್ಕವನ್ನೂ ಮೊದಲ ಪುಸ್ತಕದಲ್ಲೇ ತೀರ್ಮಾನಿಸಿ. ಅಗಾಥಾ ಕ್ರಿಸ್ಟಿ ಅವರ ಪತ್ತೇದಾರ ಪೊಯಿರೊ 1920ರಲ್ಲಿ ಮೊದಲ ಸಲ ಬರುವಾಗಲೇ ಪೊಲೀಸ್ ಕೆಲಸದಿಂದ ನಿವೃತ್ತನಾದವನು. ಅವನ ಕೊನೆಯ ಪ್ರಕರಣ ಅಚ್ಚಾದದ್ದು 1975ರಲ್ಲಿ. ಕ್ಯಾಲೆಂಡರ್ ಹಿಡಿದು ಲೆಕ್ಕ ಹಾಕಿದರೆ ಅವನಿಗೆ ನೂರು ದಾಟಿರಬೇಕು! ಸೂ ಗ್ರಾಫ್ಟನ್ ಬೇರೆ ದಾರಿ ಹಿಡಿದರು. 1982ರಲ್ಲಿ ಶುರುವಾದ ಅವರ ಪತ್ತೇದಾರಿ ಸರಣಿ 2017ರವರೆಗೆ ನಡೆಯಿತು, ಆದರೆ ನಾಯಕಿ 1980ರ ದಶಕ ಬಿಟ್ಟು ಹೊರಗೆ ಬರಲಿಲ್ಲ. ನನಗೆ ಈ ಎರಡನೇ ದಾರಿ ಹೆಚ್ಚು ಇಷ್ಟ. ಲೋಕ ಬದಲಾದಂತೆಲ್ಲ ಅವರು ತಮ್ಮ ನಾಯಕಿಯ ಕೈಗೆ ಹೊಸ ಉಪಕರಣ ಕೊಡಲು ಹೋಗಲಿಲ್ಲ, ಆದ್ದರಿಂದ ಅವಳು ತಾನೇ ಓಡಾಡಿ, ಕಾಗದಪತ್ರಗಳಲ್ಲಿ ಹುಡುಕುವ ರೀತಿ ಕೊನೆಯವರೆಗೂ ಹಾಗೇ ಉಳಿಯಿತು.

ಪ್ರಶ್ನೆ: ಹೊಸ ಓದುಗರಿಗಾಗಿ ಹಿಂದಿನ ಕಥೆಯನ್ನು ಎಷ್ಟು ಹೇಳಬೇಕು?

ಆದಷ್ಟು ಕಡಿಮೆ. ಮೊದಲ ಅಧ್ಯಾಯದಲ್ಲಿ ಹಿಂದಿನದನ್ನೆಲ್ಲ ಸುರಿದರೆ ಹೊಸಬರಿಗೆ ಭಾರ, ಹಳಬರಿಗೆ ಬೇಸರ. ಮೇಲೆ ಹೇಳಿದ ಜಮೀನಿನ ವಿಷಯವನ್ನೇ ತೆಗೆದುಕೊಳ್ಳಿ. ಮೂರನೇ ಪುಸ್ತಕದಲ್ಲಿ ನಾನು ಇಷ್ಟೇ ಬರೆದೆ: "ಅಣ್ಣ ಚೀಟಿಗೆ ಸಹಿ ಹಾಕುವಾಗ ಅವಳು ಎದ್ದು ಒಳಗೆ ಹೋದಳು." ಹಳಬರಿಗೆ ಅಷ್ಟರಲ್ಲೇ ಎಲ್ಲ ನೆನಪಾಗುತ್ತದೆ. ಹೊಸಬರಿಗೆ, ಈ ಸಹಿಯಲ್ಲಿ ಏನೋ ಇದೆ ಎಂಬ ಅನುಮಾನ ಹುಟ್ಟುತ್ತದೆ. ಅನುಮಾನ ಹುಟ್ಟಿದವರು ಹಿಂದಿನ ಪುಸ್ತಕ ಹುಡುಕಿಕೊಂಡು ಹೋಗುತ್ತಾರೆ.

ಪ್ರಶ್ನೆ: ನನ್ನ ನಾಯಕನೇ ನನಗೆ ಸಾಕಾಗಿದ್ದಾನೆ. ಓದುಗರು ಬಿಡುತ್ತಿಲ್ಲ. ಸಾಯಿಸಿಬಿಡಲೇ?

ಬೇಸರಕ್ಕೆ ಸಾಯಿಸಬೇಡಿ. ಡಾಯ್ಲ್ 1893ರಲ್ಲಿ ಹೋಮ್ಸ್‌ನನ್ನು ಜಲಪಾತಕ್ಕೆ ಬೀಳಿಸಿದರು. 1901ರಲ್ಲಿ ಮತ್ತೆ ಅವನ ಕಥೆ ಬರೆಯಬೇಕಾಯ್ತು, ಅದನ್ನು ಅವನ ಸಾವಿಗೆ ಮುಂಚೆ ನಡೆದದ್ದು ಎಂದು ಬರೆದರು. 1903ರಲ್ಲಿ ಅವನು ಸತ್ತೇ ಇರಲಿಲ್ಲ ಎಂದೂ ಹೇಳಬೇಕಾಯ್ತು. ಸ್ವಲ್ಪ ಕಾಲ ಅವನನ್ನು ಪಕ್ಕಕ್ಕಿಟ್ಟು ಬೇರೇನಾದರೂ ಬರೆಯಿರಿ. ನಿಜಕ್ಕೂ ಮುಗಿಸಲೇಬೇಕು ಅನ್ನಿಸಿದರೆ ಕ್ರಿಸ್ಟಿಯವರ ಹಾಗೆ ಮಾಡಿ: ಪೊಯಿರೊನ ಕೊನೆಯ ಪ್ರಕರಣವನ್ನು ಅವರು ಎರಡನೇ ಮಹಾಯುದ್ಧದ ಕಾಲದಲ್ಲೇ, ಕೈಯಲ್ಲಿ ಪೂರ್ತಿ ಕಸುವಿದ್ದಾಗಲೇ ಬರೆದು ತೆಗೆದಿಟ್ಟಿದ್ದರು. ಕೊನೆಯನ್ನು ದಣಿದ ಕೈಯಿಂದ ಬರೆಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ಇಷ್ಟೆಲ್ಲ ಪಾಡುಪಟ್ಟು ಸಿಗುವುದಾದರೂ ಏನು?

ಕಾಲ ಸಿಗುತ್ತದೆ. ನನ್ನ ಮೊದಲ ಪುಸ್ತಕದಲ್ಲಿ ಕೋರ್ಟಿನ ಜವಾನನೊಬ್ಬ ಫೈಲು ತಂದಿಟ್ಟು ಹೋಗುತ್ತಾನೆ. ಅವನಿಗೆ ಒಂದೇ ಸಾಲು. ಎರಡನೆಯದರಲ್ಲಿ ಅವನಿಗೆ ಕೆಮ್ಮು. ಮೂರನೆಯದರಲ್ಲಿ ಮಗಳ ಫೀಸಿಗೆ ಸಾಲ ಕೇಳುತ್ತಾನೆ, ನಾಯಕಿ ಕೊಡುತ್ತಾಳೆ. ನಾಲ್ಕನೆಯದರಲ್ಲಿ ಒಂದು ಫೈಲು ಕಾಣೆಯಾದಾಗ ಅದನ್ನು ಕೊನೆಗೆ ಮುಟ್ಟಿದವನು ಅವನೇ. ಅವಳು ಅವನ ವಿರುದ್ಧ ಸಾಕ್ಷಿ ಹೇಳಬೇಕು. ಆ ಒಂದು ದೃಶ್ಯವನ್ನು ನಾನು ಒಂಟಿ ಕಾದಂಬರಿಯಲ್ಲಿ ಬರೆಯಲು ಸಾಧ್ಯವೇ ಇರಲಿಲ್ಲ. ಮುನ್ನೂರು ಪುಟದಲ್ಲಿ ಅವನ ಕೆಮ್ಮು ಓದುಗರಿಗೆ ಅಷ್ಟು ಹತ್ತಿರದ್ದಾಗುವುದಿಲ್ಲ. ಪುಸ್ತಕ ಬಂದ ಮೇಲೆ ನನಗೆ ಬಂದ ಪತ್ರಗಳಲ್ಲಿ ನಾಯಕಿಯ ವಿಷಯ ಕಡಿಮೆ, "ಆ ಹುಡುಗಿಯ ಓದು ಏನಾಯ್ತು?" ಎಂದು ಕೇಳಿದವರೇ ಹೆಚ್ಚು. ಐದನೇ ಪುಸ್ತಕ ನಾನು ಬರೆಯುತ್ತಿರುವುದೇ ಆ ಹುಡುಗಿಗಾಗಿ.

ಪ್ರಶ್ನೆ: ಮೊದಲ ಭಾಗವನ್ನು ಈಗಲೇ ಅಚ್ಚಿಗೆ ಕೊಡಲೇ, ಎಲ್ಲ ಮುಗಿಯುವವರೆಗೆ ಕಾಯಲೇ?

ಎಲ್ಲ ಮುಗಿಯುವವರೆಗೆ ಬೇಡ, ಎರಡನೆಯದರ ಕರಡು ಮುಗಿಯುವವರೆಗೆ ಕಾಯಿರಿ. ಅಲ್ಲಿ ಒಬ್ಬ ಚಿಕ್ಕಪ್ಪ ಬೇಕಾಗಬಹುದು, ಒಂದು ಬೀಗದ ಕೈ ಬೇಕಾಗಬಹುದು. ಮೊದಲ ಭಾಗ ಇನ್ನೂ ನಿಮ್ಮ ಕೈಯಲ್ಲಿದ್ದರೆ ಹೋಗಿ ಇಟ್ಟು ಬರಬಹುದು. ಅಚ್ಚಾದ ಮೇಲೆ ಆಗುವುದಿಲ್ಲ.