ಯುದ್ಧ ಹೊರಗಿನದು, ಕಾರ್ಖಾನೆ ನಮ್ಮದು

ಪ್ರಶ್ನೆ: ಬೆಂಗಳೂರು ಬೆಳೆದದ್ದು ಅಮೆರಿಕದ ಡಾಲರಿನಿಂದ. ಅಲ್ಲಿ ಸುಂಕ ಏರಿಸಿದರೆ ಇಲ್ಲಿ ಕೆಲಸ ಹೋಗುತ್ತದೆ. ಹಾಗಿರುವಾಗ ನಮ್ಮ ಸರ್ಕಾರಗಳ ನೀತಿಯ ಬಗ್ಗೆ ನೀವು ಪುಟಗಟ್ಟಲೆ ಬರೆಯುವುದು ದಂಡವಲ್ಲವೆ?
– ಸಣ್ಣ ಉದ್ದಿಮೆದಾರ, ಪೀಣ್ಯ

ಸಂಪಾದಕರ ಉತ್ತರ: ಸುಂಕದ ಪೆಟ್ಟು ಸುಳ್ಳಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸಿದ್ಧ ಉಡುಪಿನ ಮೇಲೆ ಶೇ. 50ರಷ್ಟು ಹೆಚ್ಚುವರಿ ಸುಂಕ ಹೇರಿತು. ಬಾಂಗ್ಲಾದೇಶಕ್ಕೆ ಅದು ಶೇ. 20 ಇತ್ತು. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನವರು ಎಷ್ಟೇ ಖರ್ಚು ಬಿಗಿ ಮಾಡಿದರೂ ಆ ಅಂತರ ತುಂಬುವಂಥದ್ದಾಗಿರಲಿಲ್ಲ.

ಆದರೆ 1991ರಲ್ಲಿ ರೂಪಾಯಿ ಅಪಮೌಲ್ಯವಾಗಿ ಹೊರಗಿನ ವ್ಯಾಪಾರಕ್ಕೆ ಬಾಗಿಲು ತೆರೆದದ್ದು ಇಡೀ ದೇಶಕ್ಕೆ. ಸಾಫ್ಟ್‌ವೇರ್ ಇಲ್ಲೇ ಇಷ್ಟು ಗಟ್ಟಿಯಾಗಿ ಬೇರೂರಿದ್ದೇಕೆ? ಉತ್ತರಕ್ಕೆ 1940ಕ್ಕೆ ಹೋಗಬೇಕು. ಮಹಾಯುದ್ಧ ನಡೆದಿತ್ತು, ವಿಮಾನಗಳು ಬೇಕಿದ್ದವು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ವಿಮಾನ ಕಾರ್ಖಾನೆ ಹಾಕಲು ಜಾಗ ಹುಡುಕುತ್ತಿದ್ದಾಗ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸಂಸ್ಥಾನ ಭೂಮಿಯನ್ನೂ ಕೊಟ್ಟಿತು, ಬಂಡವಾಳದಲ್ಲೂ ಪಾಲು ಹಾಕಿತು. ಯುದ್ಧವನ್ನು ತಂದವರು ನಾವಲ್ಲ. ಆ ಕಾರ್ಖಾನೆ, ಅಂದರೆ ಎಚ್‌ಎಎಲ್, ಇಲ್ಲಿಗೆ ಬಂದದ್ದು ಮಾತ್ರ ಇಲ್ಲಿನ ತೀರ್ಮಾನದಿಂದ. ಅದರ ಹಿಂದೆ ದೂರವಾಣಿ ಉಪಕರಣದ ಐಟಿಐ, ಯಂತ್ರೋಪಕರಣದ ಎಚ್‌ಎಂಟಿ, ಎಲೆಕ್ಟ್ರಾನಿಕ್ಸ್‌ನ ಬಿಇಎಲ್ ಎಂಬ ಸಾರ್ವಜನಿಕ ಉದ್ದಿಮೆಗಳು ಬಂದವು. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬರುವ ಹೊತ್ತಿಗೆ ಎಂಜಿನಿಯರುಗಳು ಊರಲ್ಲೇ ಇದ್ದರು. ಆ ಕಂಪನಿಗೆ ಉಪಗ್ರಹ ಸಂಪರ್ಕ ಬೇಕಾಗಿತ್ತು. ಅದಕ್ಕೂ ದೆಹಲಿಯೇ ಒಪ್ಪಬೇಕಿತ್ತು. ನಿಮ್ಮ ಪೀಣ್ಯದಲ್ಲೂ ಸಾರ್ವಜನಿಕ ಉದ್ದಿಮೆಗಳ ಬಿಡಿಭಾಗದ ಆರ್ಡರ್ ನೆಚ್ಚಿಕೊಂಡೇ ಲೇತ್ ಹಾಕಿದವರು ಎಷ್ಟು ಮಂದಿಯಿಲ್ಲ?

ನೀತಿ ಕೆಡಿಸುವುದೂ ಉಂಟು. 2016ರಲ್ಲಿ ಕೇಂದ್ರವು ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದಿತು. ಮಗಳ ಮದುವೆಗೋ ಊರಿನ ಸಾಲಕ್ಕೋ ಆ ದುಡ್ಡನ್ನೇ ನಂಬಿದ್ದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಏಪ್ರಿಲ್‌ನ ಬಿಸಿಲಲ್ಲಿ ಹೊಸೂರು ರಸ್ತೆಗೆ ಇಳಿದರು. ಸಾವಿರಾರು ಮಂದಿ; ಬಹುಪಾಲು ಯಾವ ಸಂಘದ ಕರೆಯೂ ಇಲ್ಲದೆ ಬಂದವರು. ಎರಡೇ ದಿನಕ್ಕೆ ಆದೇಶ ವಾಪಸಾಯಿತು. ಈ ನಗರದ ಇತ್ತೀಚಿನ ಚರಿತ್ರೆಯಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವ ಘಟನೆ ಅದು. ಅದರಲ್ಲಿ ಅಮೆರಿಕದ ಪಾತ್ರ ಏನೂ ಇರಲಿಲ್ಲ.

ಇನ್ನು ನಿಮ್ಮದೇ ವಿಷಯ. 2006ರ ಕಾಯ್ದೆಯಂತೆ ಸಣ್ಣ ಉದ್ದಿಮೆಯ ಬಿಲ್ಲನ್ನು ದೊಡ್ಡ ಕಂಪನಿ 45 ದಿನದೊಳಗೆ ಚುಕ್ತಾ ಮಾಡಬೇಕು. ನಿಮಗೆ ಹಾಗೆ ಬರುತ್ತಿದೆಯೆ? ಆರ್ಡರ್ ಇಳಿದ ತಿಂಗಳಲ್ಲಿ ಸಂಬಳ ಹೇಗೆ ಕೊಡುತ್ತೀರಿ? ದಯವಿಟ್ಟು ವಿವರವಾಗಿ ಬರೆದು ಕಳಿಸಿ. ಅದಕ್ಕೆ ಪೂರ್ತಿ ಪುಟ ಕೊಡುತ್ತೇವೆ.