ರೆಟಿಕಲ್‌ನಲ್ಲಿ ಎಷ್ಟು ಗೆರೆ ಬೇಕು?

ಪ್ರಶ್ನೆ: ಟೆಕ್ಸಸ್‌ನಲ್ಲಿದ್ದೇನೆ. ಲೈಸೆನ್ಸ್ ಪಡೆದು ಜಿಂಕೆ ಬೇಟೆಗೆ ಹೋಗುತ್ತೇನೆ. ಬಿಡುವಿದ್ದಾಗ ರೇಂಜಿನಲ್ಲಿ 300 ಗಜದವರೆಗೆ ಗುರಿ ಅಭ್ಯಾಸ. ರೈಫಲ್ .308. ಎರಡಕ್ಕೂ 3–9 ಪವರ್‌ನ (ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುವ) ಒಂದೇ ಸ್ಕೋಪ್ ಸಾಕೇ? ಅಂಗಡಿಯವರು ಚುಕ್ಕಿಗಳು ತುಂಬಿದ ‘ಕ್ರಿಸ್‌ಮಸ್ ಟ್ರೀ’ ರೆಟಿಕಲ್ (ಸ್ಕೋಪ್‌ನೊಳಗೆ ಕಾಣುವ ಗುರಿಗೆರೆ) ತೋರಿಸುತ್ತಿದ್ದಾರೆ.

ಉತ್ತರ: ಒಂದೇ ಸ್ಕೋಪ್ ಸಾಕು, ಆದರೆ ಆ ಟ್ರೀ ಬೇಡ. ಟೆಕ್ಸಸ್‌ನಲ್ಲಿ ಸೂರ್ಯ ಮುಳುಗಿ ಅರ್ಧ ಗಂಟೆಯವರೆಗೂ ಜಿಂಕೆ ಹೊಡೆಯಲು ಅನುಮತಿ ಇದೆ. ಆ ಮಬ್ಬಿನಲ್ಲಿ ಸಣ್ಣ ಚುಕ್ಕಿಗಳು ಪೊದೆಯೊಳಗೆ ಕರಗಿಹೋಗುತ್ತವೆ. ಕಣ್ಣನ್ನು ನಡುವಿಗೆ ಎಳೆಯುವುದು ಅಂಚಿನಲ್ಲಿ ದಪ್ಪ, ಮಧ್ಯದಲ್ಲಿ ತೆಳುವಾದ ಡುಪ್ಲೆಕ್ಸ್ ಗೆರೆ. ಅದರ ಕೆಳಗೆರೆಯಲ್ಲಿ ನಾಲ್ಕೈದು ಮಿಲ್ (ದೂರದ ಸಾವಿರದಲ್ಲೊಂದು ಪಾಲಿನಷ್ಟು ಕೋನದ ಅಳತೆ) ಗುರುತು ಇರುವ ಮಾದರಿ ನಿಮಗೆ ಸರಿ. ನಡುಚುಕ್ಕಿಗೆ ಬೆಳಕಿದ್ದರೆ ಅತಿ ಕಡಿಮೆ ಹಂತದಲ್ಲಿಡಿ. ಪ್ರಖರವಾದರೆ ಪಾಪೆ ಕುಗ್ಗಿ ಜಿಂಕೆಯೇ ಕಾಣದು.

ಇನ್ನು ಎಲ್ಲರೂ ಎಡವುವ ಜಾಗ. ಫಸ್ಟ್ ಫೋಕಲ್ ಪ್ಲೇನ್ ಸ್ಕೋಪ್‌ನಲ್ಲಿ ಪವರ್ ಏರಿಸಿದಂತೆ ರೆಟಿಕಲ್ಲೂ ದೊಡ್ಡದಾಗುತ್ತದೆ, ಗುರುತುಗಳ ಅಳತೆ ಯಾವಾಗಲೂ ಸರಿ. ಆದರೆ 3ರಲ್ಲಿ ಗೆರೆ ಕೂದಲಿನಂತಾಗುತ್ತದೆ. ಸೆಕೆಂಡ್ ಫೋಕಲ್ ಪ್ಲೇನ್‌ನಲ್ಲಿ ಗೆರೆ ಬದಲಾಗದು, ಆದರೆ ಅಳತೆ ಸರಿಯಾಗಿರುವುದು ಒಂದೇ ಪವರ್‌ನಲ್ಲಿ, ಸಾಮಾನ್ಯವಾಗಿ ಗರಿಷ್ಠದಲ್ಲಿ. 100 ಗಜಕ್ಕೆ ಜೀರೋ ಮಾಡಿದ (ಆ ದೂರದಲ್ಲಿ ನಡುಗೆರೆಗೇ ಬೀಳುವಂತೆ ಹೊಂದಿಸಿದ) .308ನ 168 ಗ್ರೇನ್ ತೂಕದ ಗುಂಡು 300 ಗಜದಲ್ಲಿ ಸುಮಾರು 14 ಇಂಚು, ಅಂದರೆ 1.3 ಮಿಲ್ ಕುಸಿಯುತ್ತದೆ. 9ರಲ್ಲಿ ಸರಿಯಿದ್ದ ಅದೇ 1.3ರ ಗುರುತನ್ನು ಅರ್ಧ ಪವರ್‌ನಲ್ಲಿ, ಅಂದರೆ 4.5ರಲ್ಲಿಟ್ಟು ಹಿಡಿದರೆ ಅದು 2.6 ಮಿಲ್ ಆಗಿ, ಗುಂಡು 14 ಇಂಚು ಮೇಲೆ ಹಾರುತ್ತದೆ. ದೋಷ ಗುಂಡಿನದಲ್ಲ!

ನಿಮಗೆ ಸೆಕೆಂಡ್ ಫೋಕಲ್ ಪ್ಲೇನೇ ಇರಲಿ. ಗುರುತು ಬಳಸುವಾಗ ಪವರ್ 9, ಕಾಡಿನಲ್ಲಿ 4. ಅಲ್ಲಿ 150 ಗಜದೊಳಗೆ ಕುಸಿತ ಒಂದೆರಡು ಇಂಚು ಮಾತ್ರ, ನಡುಗೆರೆಯನ್ನೇ ಎದೆಗೂಡಿಗೆ ಹಿಡಿಯಿರಿ. ಟರ್ರೆಟ್ (ಗುರಿ ಮೇಲೆ-ಕೆಳಗೆ ಸರಿಸುವ ತಿರುಗುಗುಂಡಿ) ಕೂಡ ಮಿಲ್‌ನದೇ ಆಗಿರಲಿ: ಕ್ಲಿಕ್‌ಗೆ 0.1ರಂತೆ 1.3 ಮಿಲ್‌ಗೆ 13 ಕ್ಲಿಕ್. ಕಾಲು ಎಂಓಎ (ಇನ್ನೊಂದು ಕೋನದ ಅಳತೆ) ಟರ್ರೆಟ್ ಆದರೆ 18 ಕ್ಲಿಕ್, ತಲೆಯಲ್ಲಿ ಗುಣಾಕಾರ ಬೇರೆ. ತಂದ ಮೇಲೆ ಖಾಲಿ ರೈಫಲ್ಲನ್ನು ಸ್ಟ್ಯಾಂಡಿಗೆ ಕಟ್ಟಿ, 100 ಗಜದಲ್ಲಿ ಅಳತೆಪಟ್ಟಿ ನಿಲ್ಲಿಸಿ ನೋಡಿ. ಪವರ್ 9ರಲ್ಲಿ ಐದನೇ ಮಿಲ್ ಗುರುತು 18 ಇಂಚಿಗೆ ಕೂರಬೇಕು. ಕೂರದಿದ್ದರೆ ಕೂರುವ ಜಾಗಕ್ಕೆ ಪವರ್ ತಿರುಗಿಸಿ, ಅಲ್ಲಿ ಗೆರೆ ಎಳೆದುಕೊಳ್ಳಿ.

ಪ್ರಶ್ನೆ: ನಾವು ಮಡಿಕೇರಿಯವರು. ಮಗಳು 10 ಮೀಟರ್ ಏರ್ ರೈಫಲ್ ಶುರು ಮಾಡಿದ್ದಾಳೆ. ಯಾವ ಸ್ಕೋಪ್ ಕೊಡಿಸಲಿ?

ಉತ್ತರ: ಯಾವುದೂ ಬೇಡ, ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ) ನಿಯಮದಲ್ಲಿ ಸ್ಕೋಪ್‌ಗೆ ಅವಕಾಶವೇ ಇಲ್ಲ. ಅಲ್ಲಿ ರೆಟಿಕಲ್‌ನ ಕೆಲಸ ಫ್ರಂಟ್ ಸೈಟ್ ರಿಂಗ್‌ನದು (ನಳಿಕೆಯ ತುದಿಯಲ್ಲಿರುವ ಗುರಿಬಳೆ). ಗುರಿಯ ಕಪ್ಪು ವೃತ್ತ 30.5 ಮಿ.ಮೀ. ರಿಂಗ್ ಸುಮಾರು 4 ಮಿ.ಮೀ.ನಿಂದ ಆರಂಭಿಸಿ, ಕಪ್ಪಿನ ಸುತ್ತ ಬಿಳಿ ಸಮನಾಗಿ ಕಾಣುವಂತೆ ಹೊಂದಿಸಿ. ತೀರಾ ಬಿಗಿಯಾದರೆ ಚಿಕ್ಕ ಅಲುಗಾಟವೂ ದೊಡ್ಡದಾಗಿ ಕಂಡು, ಹುಡುಗಿ ಟ್ರಿಗರ್ ಒತ್ತಲು ತಡಮಾಡುತ್ತಾಳೆ. ಕಣ್ಣು ದಣಿದ ಮೇಲೆ ಬಿಟ್ಟ ಗುಂಡು ಹತ್ತಕ್ಕೆ ಬೀಳದು.